ಹೊಂಗೆಮರದ ಮೂಲೆಯ ಗೆರೆ

ಟೆನಿಸ್ಸಿನಷ್ಟು ನಾಚಿಕೆಗೆಟ್ಟ ಆಟ ಇನ್ನೊಂದಿಲ್ಲ ಎಂದು ನಾನು ಹದಿಮೂರನೆಯ ವಯಸ್ಸಿಗೇ ತೀರ್ಮಾನ ಮಾಡಿಕೊಂಡಿದ್ದೆ. ಆಮೇಲೆ ನಲವತ್ತೆರಡು ವರ್ಷ ಅದರ ಕಡೆ ತಲೆ ಹಾಕಲಿಲ್ಲ. ಹೋದ ವರ್ಷ ಮಾತ್ರ ಜನವರಿಯಿಂದ ನವೆಂಬರಿನವರೆಗೆ, ಬಂಗಾರಪೇಟೆಯ ನನ್ನ ಮನೆಯ ಹಾಲಿನಲ್ಲಿ, ಬೇಡಬೇಡವೆಂದರೂ ಇಡೀ ವರ್ಷದ ಟೆನಿಸ್ ನನ್ನ ಕಣ್ಣ ಮುಂದೆ ನಡೆಯಿತು. ಅದಕ್ಕೆ ಕಾರಣ ನನ್ನಪ್ಪ.

ಅಪ್ಪನಿಗೆ ಎಂಬತ್ತನಾಲ್ಕು. ಊರಿಗಾಂನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದವನು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ. ತಮ್ಮನ ಮನೆಗೆ ನಾಲ್ಕು ಮೆಟ್ಟಿಲು, ನನ್ನ ಮನೆಗೆ ಒಂದೂ ಇಲ್ಲ. ಹಾಗಾಗಿ ವಾಕರ್ ಸಮೇತ ನನ್ನ ಪಾಲಿಗೆ ಬಂದ. ಬಂದ ಎರಡನೆಯ ದಿನವೇ ರಿಮೋಟು ಕೇಳಿದ. ನನ್ನ ಗಂಡ ಕ್ರಿಕೆಟ್ಟಿನವನು. ಮಾವನ ಜೊತೆ ಜಗಳ ಯಾಕೆಂದು ತನ್ನ ಕ್ರಿಕೆಟ್ಟನ್ನು ಮೊಬೈಲಿಗೆ ಎತ್ತಿಕೊಂಡು ಹೋಗಿ ರೂಮು ಸೇರಿದ.

ಅಪ್ಪ ಕೆಜಿಎಫ್ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆ ಆಫೀಸರುಗಳಿಗೆ ಇದ್ದ ಒಂದು ಚಿಕ್ಕ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದ. ಮಾರ್ಕರ್ ಎಂದರೆ ಟೆನಿಸ್ ಕೋರ್ಟಿನ ಆಳು. ಬೆಳಿಗ್ಗೆ ಎದ್ದು ಕೆಮ್ಮಣ್ಣಿಗೆ ನೀರು ಹೊಡೆದು ರೋಲರ್ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು, ಬಲೆ ಕಟ್ಟಬೇಕು. ಯಾವ ಆಫೀಸರಿಗಾದರೂ ಆ ದಿನ ಜೊತೆಗಾರ ಸಿಗದಿದ್ದರೆ ಎದುರಿಗೆ ನಿಂತು ಅವರಿಗೆ ಹೊಡೆಯಲು ಹದವಾಗುವಂತೆ ಬಾಲು ಹಾಕಿಕೊಡಬೇಕು. ಪಂದ್ಯ ನಡೆದರೆ ಎತ್ತರದ ಮರದ ಕುರ್ಚಿ ಹತ್ತಿ ಕೂತು ಬಾಲು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಕೂಗಬೇಕು. ಇಷ್ಟೆಲ್ಲ ಮಾಡಿ ಎಲ್ಲರಿಗೂ ಸಲಾಮು ಹೊಡೆಯಬೇಕು. ನಾವು ರಾಕೆಟ್ಟನ್ನು ಬ್ಯಾಟು ಎಂದರೆ ಆ ಜನ ನಗುತ್ತಿದ್ದರು. ನಾನು ಇವತ್ತಿಗೂ ಬೇಕೆಂದೇ ಬ್ಯಾಟು ಎನ್ನುತ್ತೇನೆ.

ನನ್ನ ಕೆಲಸವನ್ನೂ ಹೇಳಿಬಿಡುತ್ತೇನೆ. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ನಾನು ಇನ್‌ಸ್ಪೆಕ್ಷನ್ನಿನವಳು. ದೊಡ್ಡ ಯಂತ್ರಗಳ ಬಿಡಿಭಾಗಗಳು ನನ್ನ ಮೇಜಿಗೆ ಬರುತ್ತವೆ. ಗೇಜು ಹಿಡಿದು ನೋಡುತ್ತೇನೆ. ಅಳತೆಗೆ ಕೂತರೆ ಪಾಸು, ಇಲ್ಲದಿದ್ದರೆ ರಿಜೆಕ್ಟು. ಮಾಡಿದವನು ಯಾರ ಭಾವಮೈದ ಎಂದು ಕೇಳುವುದಿಲ್ಲ. ಒಂದು ಸಲ ನಮ್ಮ ವಿಭಾಗದ ಗೇಜೇ ಸವೆದುಹೋಗಿದ್ದು ತಡವಾಗಿ ಗೊತ್ತಾಯಿತು. ಅದರಲ್ಲಿ ಪಾಸಾಗಿದ್ದ ಅಷ್ಟೂ ಮಾಲನ್ನು ವಾಪಸ್ಸು ತರಿಸಿ ಒಂದೊಂದಾಗಿ ಮತ್ತೆ ಅಳೆಯಬೇಕಾಯಿತು. ಆ ಗೇಜನ್ನು ಪರೀಕ್ಷೆ ಮಾಡಿಸದೆ ಬಳಸಿದವನು ನಾಲ್ಕು ದಿನ ತಲೆ ಎತ್ತಲಿಲ್ಲ. ಅವನ ಮುಖದ ಮೇಲೆ ಉಗಿಯುವುದೊಂದನ್ನು ಬಿಟ್ಟು ನಾನು ಮಿಕ್ಕಿದ್ದೆಲ್ಲ ಅಂದಿದ್ದೆ.

ಜನವರಿಯಲ್ಲಿ ಆಸ್ಟ್ರೇಲಿಯಾದ ಪಂದ್ಯಾವಳಿ. ಅಲ್ಲಿ ಮಧ್ಯಾಹ್ನವಾಗುವಾಗ ನಮಗಿನ್ನೂ ತಿಂಡಿಯ ಹೊತ್ತು. ನಾನು ಡಬ್ಬಿ ಕಟ್ಟಿಕೊಂಡು ರೈಲಿಗೆ ಓಡುವ ಗಡಿಬಿಡಿಯಲ್ಲಿ ಅಪ್ಪ ಟೀವಿಯ ಎದುರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದ, ಯಾರೋ ಸಾಹೇಬರು ಒಳಗೆ ಬಂದವರಂತೆ. ಆಡುವವರ ಠೀವಿಯಾದರೂ ಏನು! ಎರಡು ಏಟು ಹೊಡೆದರೆ ಒಮ್ಮೆ ಟವೆಲು. ನಾಲ್ಕು ಏಟಿಗೆ ಒಂದು ಬಾಳೆಹಣ್ಣು, ಅದನ್ನೂ ಅರ್ಧ ತಿಂದು ಬಿಸಾಕುವುದು. ಬಾಲು ಹೊಡೆಯುವಾಗ ಹೆರಿಗೆ ನೋವು ಬಂದವರ ಹಾಗೆ ಕಿರುಚುವುದು. ನಮ್ಮ ಕಾರ್ಖಾನೆಯಲ್ಲಿ ಕಬ್ಬಿಣ ಬಡಿಯುವವರೂ ಹಾಗೆ ಕಿರುಚುವುದಿಲ್ಲ. ಸೋಲುವ ಹಾಗೆ ಕಂಡರೆ ಬ್ಯಾಟನ್ನು ನೆಲಕ್ಕೆ ಕುಟ್ಟಿ ಮುರಿದು, ಚೀಲದಿಂದ ಇನ್ನೊಂದನ್ನು ತೆಗೆಯುವುದು. ಅಪ್ಪ ಒಂದೇ ಬ್ಯಾಟಿಗೆ ಹರಿದ ನರದ ದಾರವನ್ನು ಮತ್ತೆ ಮತ್ತೆ ಕಟ್ಟಿಸಿಕೊಂಡು ಹನ್ನೊಂದು ವರ್ಷ ಆಡಿದವನು. ಅವನಿಗೆ ಇದೆಲ್ಲ ನೋಡಿ ಮೈ ಉರಿಯಬೇಕಿತ್ತು. ಅವನು ತಲೆದೂಗುತ್ತಿದ್ದ.

ಆ ಪಂದ್ಯಾವಳಿಯ ಮೊದಲ ದಿನವೇ ಅವನು ಒಂದು ಪ್ರಶ್ನೆ ಕೇಳಿದ.

"ಅಮ್ಮಣ್ಣೀ, ಔಟ್ ಅಂತ ಕೂಗ್ತಾವನಲ್ಲ, ಅವನೆಲ್ಲವ್ನೆ? ಗೆರೆ ತಾವ ಒಬ್ರೂ ಕಾಣಿಸ್ತಿಲ್ವಲ್ಲ?"

ಈಗ ಗೆರೆಯ ಹತ್ತಿರ ಮನುಷ್ಯರನ್ನು ನಿಲ್ಲಿಸುವುದಿಲ್ಲ, ಸುತ್ತ ಕ್ಯಾಮೆರಾ ಇಟ್ಟಿದ್ದಾರೆ, ಬಾಲು ಬಿದ್ದ ಕೂಡಲೇ ಮಷೀನೇ ಕೂಗುತ್ತದೆ ಎಂದು ವಿವರಿಸಿದೆ. ಕೊನೆಗೆ ಒಂದು ಮಾತು ಸೇರಿಸಿದೆ. "ಮಷೀನು ಯಾರ ಮುಖಾನೂ ನೋಡಲ್ಲಪ್ಪಾ. ಯಾರಿಗೂ ಸಲಾಮು ಒಡೆಯಲ್ಲ."

ಅಪ್ಪ ಟೀವಿಯ ಕಡೆ ತಿರುಗಿಕೊಂಡ. ನಾನು ಚುಚ್ಚಿದ್ದು ಅವನಿಗೆ ತಾಗಿತೋ ಇಲ್ಲವೋ ಗೊತ್ತಾಗಲಿಲ್ಲ. ತಾಗಲಿ ಎಂದೇ ಹೇಳಿದ್ದೆ. ಯಾಕೆಂದರೆ ಆ ಮನುಷ್ಯ ಸಾಯುವುದರೊಳಗೆ ಅವನ ಬಾಯಿಂದ ನನಗೆ ಒಂದೇ ಒಂದು ಮಾತು ಬೇಕಾಗಿತ್ತು: ನಲವತ್ತೆರಡು ವರ್ಷದ ಹಿಂದೆ ಹೊಂಗೆಮರದ ಮೂಲೆಯಲ್ಲಿ ಬಿದ್ದ ನನ್ನ ಬಾಲು ಒಳಗಿತ್ತು ಎಂಬ ಮಾತು.

ಆಸ್ಟ್ರೇಲಿಯಾವನ್ನು ಒಬ್ಬ ಎಡಗೈಯವನು ಗೆದ್ದ. ಎದುರಿಗಿದ್ದ ಗಡ್ಡದವನು ಸೋತು, ಮೈಕು ಹಿಡಿದು ತನ್ನ ಕೋಚು, ಕೋಚಿನ ಹೆಂಡತಿ, ಮಾಲೀಸು ಮಾಡುವವನು, ಅಡುಗೆಯವನು ಎಲ್ಲರಿಗೂ ಕೃತಜ್ಞತೆ ಹೇಳಿ ಅತ್ತ. ಬಾಲು ಹೆಕ್ಕಿಕೊಟ್ಟವರನ್ನೂ ಗೆರೆ ಬಳಿದವರನ್ನೂ ಇಬ್ಬರೂ ನೆನೆಯಲಿಲ್ಲ. ಅದಾಗಿ ವರ್ಷವಿಡೀ ಇದೇ ಇಬ್ಬರು ಬಹುಮಾನಗಳನ್ನು ಪಾಲು ಮಾಡಿಕೊಂಡರು, ಅಣ್ಣತಮ್ಮಂದಿರು ತೋಟ ಹಂಚಿಕೊಂಡಂತೆ. ಮಿಕ್ಕ ನೂರಾರು ಜನ ಊರೂರು ಸುತ್ತಿ, ಮೊದಲ ಸುತ್ತಿನಲ್ಲೇ ಒದೆ ತಿಂದು, ಮುಂದಿನ ಊರಿಗೆ ಗಂಟು ಕಟ್ಟುತ್ತಿದ್ದರು. ಟೀವಿಯಲ್ಲಿ ಮಾತಾಡುವವರು ಇದನ್ನೇ ದೊಡ್ಡ ಮಹಾಕಾವ್ಯದಂತೆ ಬಣ್ಣಿಸುತ್ತಿದ್ದರು. ನಮ್ಮ ಕ್ಯಾಂಟೀನಿನಲ್ಲೂ ಒಬ್ಬ ಇಂಜಿನಿಯರ್ ಇದ್ದಾನೆ, ಕಾರ್ಖಾನೆಯ ಷೆಡ್ಡಿನ ಹಿಂದೆ ಷಟಲ್ ಆಡುವವನು. ಅವನು ಚಪಾತಿ ಅಗಿಯುತ್ತಾ "ಎಡಗೈಯವನ ಬ್ಯಾಕ್‌ಹ್ಯಾಂಡು ಈ ವರ್ಷ ಸ್ವಲ್ಪ ವೀಕ್ ಮೇಡಂ" ಎಂದು ನನಗೆ ತಿಳಿವಳಿಕೆ ಹೇಳಿದ. ಹದಿಮೂರರಲ್ಲಿ ನನ್ನ ಬ್ಯಾಕ್‌ಹ್ಯಾಂಡು ಹೇಗಿತ್ತೆಂದು ಹೇಳೋಣವೆನಿಸಿತು. ಅಂಥವನ ಹತ್ತಿರ ಏನು ಮಾತೆಂದು ಮಜ್ಜಿಗೆ ಕುಡಿದು ಎದ್ದೆ.

ಮೇ ಕೊನೆಗೆ ಪ್ಯಾರಿಸಿನ ಪಂದ್ಯಗಳು ಶುರುವಾದವು. ಅಲ್ಲಿಯದು ಕೆಮ್ಮಣ್ಣಿನ ಕೋರ್ಟು. ಟೀವಿಯಲ್ಲಿ ಆ ಬಣ್ಣ ಕಂಡದ್ದೇ ಅಪ್ಪ ವಾಕರ್ ಹಿಡಿದು ಎದ್ದು ಹತ್ತಿರ ಹೋದ. ಪರದೆಯ ಮೇಲೆ ಬೆರಳಾಡಿಸಿ, "ಈ ಮಣ್ಣು ನಮ್ಮದಕ್ಕಿಂತ ಸಣ್ಣದು. ನೀರು ಜಾಸ್ತಿ ಕುಡೀತದೆ" ಎಂದ. ಅಲ್ಲಿ ಮಾತ್ರ ಇನ್ನೂ ಮನುಷ್ಯರೇ ಕೂಗುವುದು. ಬಾಲು ಬಿದ್ದ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ಅನುಮಾನ ಬಂದರೆ ಅಂಪೈರು ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಗ್ಗಿ, ಆ ಗುರುತನ್ನು ನೋಡಿ ಹೇಳುತ್ತಾನೆ. ಒಂದು ಸಂಜೆ ಹಾಗೇ ಒಬ್ಬ ಇಳಿದು ಬಂದ. ಅಪ್ಪ ಖುಷಿಯಿಂದ ತೊಡೆ ತಟ್ಟಿಕೊಂಡ.

"ನೋಡಮ್ಮಾ, ಇಳಿದು ಬಂದು ನೋಡ್ತಾವ್ನೆ. ಅಂಗಿರ್ಬೇಕು."

"ನೀನು ಇಳಿದು ಬಂದಿದ್ದಾ?" ಎಂದೆ.

ಅಪ್ಪ ತಿರುಗಿ ನನ್ನನ್ನೇ ನೋಡಿದ. ನಾನು ಯಾವ ದಿನದ ಮಾತಾಡುತ್ತಿದ್ದೇನೆಂದು ಅವನಿಗೆ ತಕ್ಷಣ ಗೊತ್ತಾಯಿತು. ಇಷ್ಟು ವರ್ಷ ಮನೆಯಲ್ಲಿ ಆ ವಿಷಯ ಯಾರೂ ಎತ್ತಿರಲಿಲ್ಲ. ಅವನು ಮೆತ್ತಗೆ ಟೀವಿಯ ಸದ್ದು ಕಡಿಮೆ ಮಾಡಿ, ಮತ್ತೆ ಜಾಸ್ತಿ ಮಾಡಿದ.

ಆ ದಿನದ ಕಥೆ ಇಷ್ಟು. ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಆಫೀಸರುಗಳ ಟೆನಿಸ್ ಪಂದ್ಯ ನಡೆಯುತ್ತಿತ್ತು. ಅದರ ಬಾಲಂಗೋಚಿಯಾಗಿ ಅವರ ಹೆಣ್ಣುಮಕ್ಕಳದ್ದೂ ಒಂದು. ಆ ವರ್ಷ ಹುಡುಗಿಯರು ಏಳೇ ಜನ ಆದರು. ಜೋಡಿ ಕೂಡಬೇಕಲ್ಲ, ಎಂಟನೆಯವಳಾಗಿ ಮಾರ್ಕರಿನ ಮಗಳನ್ನು ಹಾಕಿಕೊಂಡರು. ಸಂಖ್ಯೆ ತುಂಬಿಸಲು ತಂದವಳು ಮೊದಲ ಪಂದ್ಯದಲ್ಲೇ ಸೋತು ಬಾಲು ಹೆಕ್ಕಲು ನಿಲ್ಲುತ್ತಾಳೆ ಎಂದುಕೊಂಡಿದ್ದರು. ಅಪ್ಪ ನನಗೆ ಮೂರು ವರ್ಷದಿಂದ ಬೆಳಿಗ್ಗೆ ಯಾರೂ ಬರುವ ಮುಂಚೆ ಆಡಲು ಕಲಿಸುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಎರಡು ಪಂದ್ಯ ಗೆದ್ದು ಫೈನಲ್ಲಿಗೆ ಬಂದೆ. ಎದುರಿಗೆ ಗಣಿಯ ದೊಡ್ಡ ಆಫೀಸರೊಬ್ಬರ ಮಗಳು. ಅವಳಿಗೆ ನೆರಿಗೆಯ ಬಿಳಿ ಸ್ಕರ್ಟು, ನನಗೆ ಸ್ಕೂಲಿನ ಯೂನಿಫಾರಂ.

ಅವತ್ತು ಬೆಳಿಗ್ಗೆ ಕೋರ್ಟಿಗೆ ಗೆರೆ ಹಾಕಿದ್ದು ಅಪ್ಪ ಮತ್ತು ನಾನು. ಕೋರ್ಟಿನ ನಾಲ್ಕು ಮೂಲೆಗೂ ಒಂದೊಂದು ದಪ್ಪ ಮೊಳೆ ನೆಲದಲ್ಲಿ ಹುಗಿದಿರುತ್ತಿತ್ತು. ಗಣಿಯ ಹಳಿಗೆ ಹೊಡೆಯುವ ಮೊಳೆಗಳೇ ಅವು. ಮಣ್ಣು ಕೆರೆದು ಮೊಳೆ ಹುಡುಕಿ, ಒಂದರಿಂದ ಇನ್ನೊಂದಕ್ಕೆ ಹುರಿ ಬಿಗಿದು, ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ಹುರಿಯ ಪಕ್ಕ ಸುಣ್ಣದ ಪುಡಿ ಉದುರಿಸುತ್ತಾ ಹೋಗಬೇಕು. ಆ ದಿನ ಸೆಕ್ರೆಟರಿ ಕುರ್ಚಿ ಜೋಡಿಸಲು ಅಪ್ಪನನ್ನು ಕರೆದದ್ದರಿಂದ ಹೊಂಗೆಮರದ ಮೂಲೆಯ ಕೆಲಸ ನನಗೇ ಬಿತ್ತು. ನಾನೇ ಮಣ್ಣು ಕೆರೆದೆ, ನಾನೇ ಹುರಿ ಕಟ್ಟಿದೆ, ನಾನೇ ಸುಣ್ಣ ಹಾಕಿದೆ. ಅಷ್ಟು ನೇರವಾದ ಗೆರೆ ಅಪ್ಪನೂ ಹಾಕಿರಲಿಲ್ಲ ಎಂದು ಹೆಮ್ಮೆಪಟ್ಟೆ.

ಫೈನಲ್ಲಿನಲ್ಲಿ ಅಪ್ಪನೇ ಅಂಪೈರು. ಮೊದಲು ಆರು ಗೇಮ್ ಗೆದ್ದವರಿಗೆ ಕಪ್ಪು, ಐದು–ಐದಾದರೆ ಏಳರವರೆಗೆ. ನಾನು ಐದು–ನಾಲ್ಕರಲ್ಲಿ ಮುಂದಿದ್ದೆ. ಇನ್ನೊಂದೇ ಪಾಯಿಂಟು ಬೇಕಿತ್ತು. ಬ್ಯಾಕ್‌ಹ್ಯಾಂಡಿನಲ್ಲಿ ಹೊಂಗೆಮರದ ಮೂಲೆಗೆ ಹೊಡೆದೆ. ಆ ಹುಡುಗಿ ಅಲ್ಲಾಡಲೂ ಇಲ್ಲ. ಬಾಲು ಗೆರೆಯ ಮೇಲೆ ಬಿದ್ದು ಸುಣ್ಣ ಎದ್ದಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಹೆಕ್ಕಿ ತಂದಾಗ ಬಾಲಿಗೂ ಬಿಳಿ ಮೆತ್ತಿತ್ತು. ನಾನು ಬ್ಯಾಟು ಮೇಲೆತ್ತಿ ಅಪ್ಪನ ಕಡೆ ತಿರುಗಿದೆ. ಅಪ್ಪ ಕೈ ಎತ್ತಿ "ಔಟ್" ಎಂದ.

ಆಮೇಲೆ ನನ್ನ ಕೈಗೆ ಒಂದು ಬಾಲೂ ಸಿಗಲಿಲ್ಲ. ಏಳು–ಐದಕ್ಕೆ ಸೋತೆ. ಕಪ್ಪು ಆ ಹುಡುಗಿಗೆ ಹೋಯಿತು, ನನಗೆ ಒಂದು ಬಿಸ್ಕತ್ ಪೊಟ್ಟಣ ಕೊಟ್ಟರು. ಅದನ್ನು ದಾರಿಯಲ್ಲಿ ಸಿಕ್ಕ ಹಸುವಿಗೆ ತಿನ್ನಿಸಿದೆ.

ಆ ಜನರ ಸೊಕ್ಕಿಗೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ನನ್ನ ಬಾಲನ್ನು ಔಟ್ ಎಂದಾಗ ಆ ಹುಡುಗಿಯ ತಾಯಿ ಬೆತ್ತದ ಕುರ್ಚಿಯಲ್ಲಿ ತೆಪ್ಪಗೆ ಕೂತಿದ್ದಳು. ಅದೇ ಹೆಂಗಸು ಅದೇ ಪಂದ್ಯದಲ್ಲಿ ಅದಕ್ಕೆ ಮುಂಚೆ ಎರಡು ಸಲ ಎದ್ದು ನಿಂತು "ಇನ್! ಇನ್!" ಎಂದು ಅಪ್ಪನ ಮೇಲೆ ಕೂಗಾಡಿದ್ದಳು. ಹೊಂಗೆಮರದ ಕಡೆ ಬಿದ್ದ ಮಗಳ ಬಾಲನ್ನು ಔಟ್ ಎಂದದ್ದನ್ನು ಆಕೆಗೆ ಸಹಿಸಲಾಗಲಿಲ್ಲ. ಗಣಿ ಅವರದು, ಕ್ಲಬ್ಬು ಅವರದು, ನಾನು ಹಾಕಿದ ಗೆರೆಯೂ ಅವರದೇ ಎಂದುಕೊಂಡಿದ್ದರು. ಅವರ ಕಾಲಿಗೆ ಬಿದ್ದು ತನ್ನ ಮಗಳ ಕಪ್ಪನ್ನು ಅವರಿಗೆ ಕೊಟ್ಟ ಅಪ್ಪನಿಗೆ ಸಿಕ್ಕಿದ್ದಾದರೂ ಏನು? ಮುಂದಿನ ವರ್ಷದಿಂದ ಅವನನ್ನು ಕುರ್ಚಿ ಹತ್ತಿಸಲೇ ಇಲ್ಲ. ಆಫೀಸಿನ ಗುಮಾಸ್ತನೊಬ್ಬನನ್ನು ಅಂಪೈರು ಮಾಡಿದರು. ಗಣಿ ಮುಚ್ಚುವವರೆಗೂ ಅಪ್ಪ ರೋಲರ್ ಎಳೆದ, ಬಾಲು ಹಾಕಿಕೊಟ್ಟ, ಅಷ್ಟೆ. ನನಗೆ ಒಳಗೊಳಗೇ ಖುಷಿಯಾಗಿತ್ತು. ಚೆನ್ನಾಗಿ ಆಯಿತು ಅಂದುಕೊಂಡಿದ್ದೆ.

ಪ್ಯಾರಿಸನ್ನು ಗಡ್ಡದವನು ಗೆದ್ದು ಮಣ್ಣಿನಲ್ಲಿ ಹೊರಳಾಡಿದ. ಜುಲೈನಲ್ಲಿ ಲಂಡನ್ನಿನ ಹುಲ್ಲು. ಅಲ್ಲಿ ಎಲ್ಲರೂ ತಲೆಯಿಂದ ಕಾಲಿನವರೆಗೆ ಬಿಳಿ ಹಾಕಬೇಕಂತೆ. ಒಳ ಅಂಗಿಯ ಬಣ್ಣಕ್ಕೂ ನಿಯಮವಂತೆ. ನೋಡಲು ಬಂದವರು ಟೈ ಕಟ್ಟಿಕೊಂಡು ಹಣ್ಣಿಗೆ ಕೆನೆ ಹಚ್ಚಿ ತಿನ್ನುತ್ತಾ, ಒಳ್ಳೆಯ ಏಟು ಬಿದ್ದರೆ ಬೆರಳ ತುದಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಕ್ಲಬ್ಬಿನ ಆಫೀಸರುಗಳು ಕಲಿತದ್ದು ಇವರಿಂದಲೇ. ಇಷ್ಟೆಲ್ಲ ಸಂಪ್ರದಾಯದವರು ಕೂಡ ಗೆರೆ ನೋಡುವವರನ್ನು ಮನೆಗೆ ಕಳಿಸಿ ಮಷೀನು ತಂದಿದ್ದರು. ಮುಂಚೆ ಪಟ್ಟೆ ಅಂಗಿ ಹಾಕಿಕೊಂಡು ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಿಲ್ಲುತ್ತಿದ್ದವರು ಎಲ್ಲಿ ಹೋದರು ಎಂದು ಅಪ್ಪ ದಿನಾ ಕೇಳಿದ.

"ಮನುಷ್ಯರು ಸುಳ್ಳು ಕೂಗ್ತಾರೆ ಅಂತ ತೆಗೆದಾಕಿದ್ರು," ಎಂದೆ.

"ಎಲ್ರೂವಾ?"

"ಒಬ್ಬ ಕೂಗಿದ್ರೆ ಸಾಲ್ದಾ?"

ಅಂದು ಅಪ್ಪ ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದ. ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ.

ಲಂಡನ್ನೂ ಗಡ್ಡದವನದೇ ಆಯಿತು. ಹೆಂಗಸರ ಫೈನಲ್ಲಿನಲ್ಲಿ ಒಬ್ಬಳು ಎಷ್ಟು ನಡುಗಿದಳೆಂದರೆ ಮೊದಲ ಸೆಟ್ಟಿನಲ್ಲಿ ಒಂದೇ ಒಂದು ಗೇಮ್ ಗೆಲ್ಲಲಾಗಲಿಲ್ಲ. ಮಾತಾಡುವವರು ಅಯ್ಯೋ ಪಾಪ ಎಂದರು. ನಾನು ಅನ್ನಲಿಲ್ಲ. ಅವಳಿಗೆ ಕನಿಷ್ಠ ಸರಿಯಾಗಿ ಕೂಗುವ ಮಷೀನಾದರೂ ಇತ್ತು. ಸೆಪ್ಟೆಂಬರಿನ ನ್ಯೂಯಾರ್ಕ್ ಫೈನಲ್ಲನ್ನು ಅಪ್ಪ ಮಾರನೆಯ ಬೆಳಿಗ್ಗೆ ಮರುಪ್ರಸಾರದಲ್ಲಿ ನೋಡಿದ. ಯಾರು ಗೆದ್ದರೆಂದು ಫೋನಿನಲ್ಲಿ ನನಗೆ ಆಗಲೇ ಗೊತ್ತಾಗಿತ್ತು. "ಯೋಳ್ಬೇಡ, ಯೋಳ್ಬೇಡ" ಎಂದು ಅವನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ಎಡಗೈಯವ್ನು, ನಾಲ್ಕು ಸೆಟ್ಟು" ಎಂದು ಹೇಳಿಯೇ ರೈಲಿಗೆ ಹೋದೆ. ಅಷ್ಟು ಕೆಟ್ಟವಳಾಗಿದ್ದೆ ನಾನು ಆಗ. ಕೆಟ್ಟವಳಾಗಲು ನನಗೆ ಹಕ್ಕಿದೆ ಎಂದುಕೊಂಡಿದ್ದೆ.

ನವೆಂಬರಿನಲ್ಲಿ ವರ್ಷದ ಕೊನೆಯದು. ಇಡೀ ವರ್ಷ ಚೆನ್ನಾಗಿ ಆಡಿದ ಎಂಟೇ ಜನರನ್ನು ಕರೆದು, ಕತ್ತಲೆಯ ಹಾಲಿನಲ್ಲಿ ಬಣ್ಣದ ದೀಪ ಹಾಕಿ, ಆರ್ಕೆಸ್ಟ್ರಾದವರಂತೆ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ. ಫೈನಲ್ಲು ಮತ್ತೆ ಅದೇ ಇಬ್ಬರ ನಡುವೆ. ಮೂರನೆಯ ಸೆಟ್ಟಿನ ಕೊನೆಗೆ ಗಡ್ಡದವನ ಒಂದು ಬಾಲು ಮೂಲೆಗೆ ಬಿತ್ತು. ಮಷೀನು ಔಟ್ ಎಂದಿತು. ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು: ಬಾಲಿಗೂ ಗೆರೆಗೂ ನಡುವೆ ಒಂದು ಕೂದಲಿನಷ್ಟು ಜಾಗ. ಗಡ್ಡದವನು ನೋಡಿ, ತಲೆಯಾಡಿಸಿ, ಹೋಗಿ ಕೈಕುಲುಕಿದ.

ನನಗೆ ಯಾಕೋ ತಡೆಯಲಾಗಲಿಲ್ಲ. ಬಟ್ಟೆ ಮಡಿಸುತ್ತಿದ್ದವಳು ಎದ್ದು ಟೀವಿಯ ಮುಂದೆ ನಿಂತೆ.

"ಇವತ್ತು ಯೋಳ್ಬಿಡಪ್ಪಾ. ಅವತ್ತು ನನ್ನ ಬಾಲು ಒಳಗಿತ್ತಾ, ಇಲ್ವಾ?"

ಅಪ್ಪ ಟೀವಿಯ ಸದ್ದು ಕಡಿಮೆ ಮಾಡಿದ. "ಗೆರೆ ಮೇಲೇ ಬಿತ್ತು ಕಣಮ್ಮಾ," ಎಂದ.

ನಲವತ್ತೆರಡು ವರ್ಷ ಕಾದ ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು. "ಮತ್ತೆ ಯಾಕೆ ಔಟ್ ಅಂದೆ? ಆಯಮ್ಮನಿಗೆ ಎದರಿಕೊಂಡಾ?"

"ಗೆರೆನೇ ತಪ್ಪಿತ್ತು."

ಅವನು ಹೇಳಿದ್ದು ಹೀಗೆ. ಆ ಪಂದ್ಯಕ್ಕೆ ಕೆಲವು ತಿಂಗಳ ಮುಂಚೆ ಗಣಿಯ ಒಳಗೆ ಬಂಡೆ ಸಿಡಿದು ಮೇಲಿನ ನೆಲವೆಲ್ಲ ಅದುರಿತ್ತು. ಅಂಥ ಅದುರು ನಮಗೆ ಹೊಸದಲ್ಲ. ಪಾತ್ರೆ ಬೀಳುತ್ತಿದ್ದವು, ಗೋಡೆ ಬಿರುಕು ಬಿಡುತ್ತಿತ್ತು, ಒಳಗೆ ಇಳಿದವರ ಮನೆಯವರು ಗಣಿಯ ಬಾಯಿಗೆ ಓಡುತ್ತಿದ್ದರು. ಆ ಸಲ ಕೋರ್ಟಿನ ಹೊಂಗೆಮರದ ಮೂಲೆ ಕುಸಿದು ಮಣ್ಣಿನ ಜೊತೆ ಮೊಳೆಯೂ ಆಚೆಗೆ ಜರುಗಿತು. ಅಪ್ಪ ಮಣ್ಣು ತುಂಬಿ, ಅಳೆದು, ಸರಿಯಾದ ಜಾಗದಲ್ಲಿ ಹೊಸ ಮೊಳೆ ಹೊಡೆದ. ಹಳೆಯದು ಆಳಕ್ಕೆ ಇಳಿದಿದ್ದರಿಂದ ಕೀಳಲಾಗದೆ ಅಲ್ಲೇ ಬಿಟ್ಟ. ಅಂದು ಬೆಳಿಗ್ಗೆ ನಾನು ಕೆರೆದು ಹುರಿ ಕಟ್ಟಿದ್ದು ಹಳೆಯ ಮೊಳೆಗೆ.

"ಕುರ್ಚಿ ಅತ್ತಿ ಕುಂತ ಮ್ಯಾಲೇ ನಂಗೆ ಕಾಣಿಸಿದ್ದು. ಗೆರೆ ಆಚೆ ಓಗೈತೆ ಅಂತ. ಆಟ ಆಗ್ಲೇ ಸುರುವಾಗಿತ್ತು."

"ನಿಲ್ಸಿ ಯೋಳ್ಬಾರ್ದಾಗಿತ್ತಾ?"

"ಈ ಗೆರೆ ಯಾರು ಆಕಿದ್ದು ಅಂತ ಕೇಳ್ತಿದ್ರು. ಆಡೋ ಉಡ್ಗೀನೇ ಆಕವ್ಳೆ ಅಂತ ಗೊತ್ತಾದ್ರೆ ಏನಂತಿದ್ರು? ಮಾರ್ಕರ್ ಮಗ್ಳು ತನ್ಗೆ ಬೇಕಾದಂಗೆ ಗೆರೆ ಎಳ್ಕೊಂಡವ್ಳೆ ಅಂತಿದ್ರು. ಅದ್ಕೇ ಗೆರೆ ನೋಡ್ಲಿಲ್ಲ ನಾನು. ಒಸಾ ಮೊಳೆ ಎಲ್ಲೈತೋ ಅದ್ನ ನೋಡ್ಕೊಂಡು ಕೂಗಿದೆ."

ನಾನು ನಕ್ಕೆ. ಒಳ್ಳೆಯ ನಗುವಲ್ಲ ಅದು. ಇಂಥ ಕಥೆ ಕಟ್ಟಲು ಇಷ್ಟು ವರ್ಷ ಬೇಕಾಯಿತೇ ಎಂದು ಕೇಳಿದೆ. ನಿಜವಾಗಿದ್ದರೆ ನನಗಾದರೂ ಯಾಕೆ ಹೇಳಲಿಲ್ಲ ಎಂದೆ.

"ನೀನು ಕೇಳ್ಲೇ ಇಲ್ವಲ್ಲಮ್ಮಾ. ಮಾತೇ ಬಿಟ್ಟಿದ್ದೆ. ಆಮೇಕೆ, ಅಷ್ಟು ಚೆಂದಾಗಿ ಗೆರೆ ಆಕಿದ್ದೆ ನೀನು." ಅವನು ರಿಮೋಟನ್ನು ತಿರುವಿ ತಿರುವಿ ನೋಡಿದ. "ಅಳ್ದು ನೋಡು ಓಗು. ಅದೇ ತಾನೆ ನಿನ್ ಕೆಲ್ಸ. ಎಲ್ಡು ಮೊಳೆನೂ ಅಲ್ಲೇ ಅವೆ."

ಆ ಭಾನುವಾರವೇ ಹೋದೆ. ಅವನ ಸುಳ್ಳನ್ನು ಅಂಗೈ ಮೇಲೆ ಇಟ್ಟು ತೋರಿಸಬೇಕೆಂದೇ ಹೋದೆ. ಸ್ಟೀಲ್ ಟೇಪು, ಕರಣೆ, ಒಂದು ಬಾಟಲಿ ನೀರು ತೆಗೆದುಕೊಂಡು ಬೆಳಗಿನ ರೈಲಿಗೆ ಊರಿಗಾಂನಲ್ಲಿ ಇಳಿದು, ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದು ಮಣ್ಣು ಗಾಳಿಗೆ ಕಣ್ಣಿಗೆ ರಾಚುತ್ತಿದ್ದಂತೆ ನಡೆದು ಹೋದೆ. ಕ್ಲಬ್ಬಿಗೆ ಸೂರಿರಲಿಲ್ಲ. ಕೋರ್ಟಿನ ತುಂಬ ಮುಳ್ಳು ಪೊದೆ. ಬಲೆ ಕಟ್ಟುವ ಎರಡು ಕಬ್ಬಿಣದ ಕಂಬಗಳ ನಡುವೆ ಯಾರೋ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದರು. ಹೊಂಗೆಮರ ಇತ್ತು, ದುಪ್ಪಟ್ಟು ಬೆಳೆದು. ಪಕ್ಕದ ಗಣಿ ಕೂಲಿಗಳ ಲೈನಿನ ಹೆಂಗಸೊಬ್ಬಳು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ತಮಿಳು ಬೆರೆಸಿ ಕೇಳಿದಳು.

"ಎನ್ನಕ್ಕಾ, ಸರ್ವೇನಾ? ಮನೆ ಕೊಡ್ತಾರಾ, ಕಿತ್ತಾಕ್ತಾರಾ?"

ಎರಡೂ ಇಲ್ಲ, ಟೆನಿಸ್ ಕೋರ್ಟು ಅಳೆಯುತ್ತಿದ್ದೇನೆ ಎಂದೆ. ಅವಳು ನನ್ನ ತಲೆ ಸರಿಯಿದೆಯೇ ಎಂಬಂತೆ ನೋಡಿದಳು. ಆದರೂ ಟೇಪಿನ ಒಂದು ತುದಿ ಹಿಡಿದುಕೊಂಡು ಕಂಬದ ಹತ್ತಿರ ನಿಂತಳು.

ಬಲೆಯಿಂದ ಕೊನೆಯ ಗೆರೆಗೆ ಮೂವತ್ತೊಂಬತ್ತು ಅಡಿ. ಅದು ನನಗೆ ಅಆಇಈ ಕಲಿಯುವ ಮುಂಚೆಯೇ ಗೊತ್ತಿದ್ದ ಲೆಕ್ಕ. ಹೊಂಗೆಮರದ ಮೂಲೆಯಲ್ಲಿ ಕೂತು ಕರಣೆಯಿಂದ ಕೆರೆದೆ. ಅರ್ಧ ಗಂಟೆಯಾದ ಮೇಲೆ ಕಬ್ಬಿಣಕ್ಕೆ ತಾಗಿತು. ಅಳೆದೆ: ಮೂವತ್ತೊಂಬತ್ತು ಅಡಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಇನ್ನಷ್ಟು ಆಚೆಗೆ ಕೆರೆದೆ. ಎರಡನೆಯ ಮೊಳೆ ಸಿಕ್ಕಿತು, ಸ್ವಲ್ಪ ವಾಲಿಕೊಂಡು, ತಲೆ ತುಕ್ಕು ಹಿಡಿದು. ಮೂವತ್ತೊಂಬತ್ತು ಅಡಿ ನಾಲ್ಕೂವರೆ ಇಂಚು. ಆಮೇಲೂ ಎಷ್ಟೋ ಸಲ ನೆಲ ಅದುರಿರುತ್ತದೆ, ಎಲ್ಲವೂ ಜರುಗಿರಬಹುದು ಎಂದುಕೊಂಡು ಮಿಕ್ಕ ಮೂರು ಮೂಲೆಗಳನ್ನೂ ಕೆರೆದು ಅಳೆದೆ. ಒಂದೊಂದೇ ಮೊಳೆ, ಮೂರೂ ಸರಿಯಾಗಿದ್ದವು. ಟೇಪು ಹಿಡಿದಿದ್ದವಳು ಸಾಕಾಗಿ, "ಸರಿ ಅಕ್ಕಾ, ಅಡುಗೆ ಇರುಕ್ಕು" ಎಂದು ಹೊರಟುಹೋದಳು.

ನಾನು ಹೊಂಗೆಮರದ ಕೆಳಗೆ ಕೂತೆ. ಎರಡು ಮೊಳೆಗಳ ನಡುವೆ ನನ್ನ ಅಂಗೈ ಇಟ್ಟರೆ ಸರಿಯಾಗಿ ಕೂರುವಷ್ಟು ಜಾಗ. ಅಳತೆ ತಿಳಿಯುವವಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ತಪ್ಪು ಗೇಜು ಬಳಸಿದ ಆ ಪಾಪದವನನ್ನು ನಾಲ್ಕು ಜನರೆದುರು ಬೈದವಳು ನಾನು. ನನಗೆ ನನ್ನ ಮೇಲೆ ಬಂದಷ್ಟು ಹೇಸಿಗೆ ಟೀವಿಯಲ್ಲಿ ಬ್ಯಾಟು ಮುರಿದವರ ಮೇಲೂ ಬಂದಿರಲಿಲ್ಲ. ಹಾಗೆ ಕೂತಿದ್ದಾಗ ಬೆತ್ತದ ಕುರ್ಚಿಯ ಹೆಂಗಸು ನೆನಪಾದಳು. ಅವಳು ಎರಡು ಸಲ ಎದ್ದು ನಿಂತು "ಇನ್! ಇನ್!" ಎಂದು ಕೂಗಿದ್ದು ಇದೇ ಮೂಲೆಯಲ್ಲಿ ಬಿದ್ದ ಬಾಲಿಗೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಮಗಳ ಬಾಲೂ ನನ್ನ ಗೆರೆಯ ಮೇಲೆ ಬಿದ್ದಿತ್ತು, ಅವಳೂ ಸುಣ್ಣ ಏಳುವುದನ್ನು ಕಂಡಿದ್ದಳು. ತನ್ನ ಮಗಳ ಪರ ಸುಳ್ಳು ಕೂಗಿದನೆಂದುಕೊಂಡೇ ಮುಂದಿನ ವರ್ಷದಿಂದ ಅಪ್ಪನನ್ನು ಕುರ್ಚಿ ಹತ್ತಿಸಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು.

ಮಧ್ಯಾಹ್ನದ ರೈಲಿಗೆ ಮನೆಗೆ ಬಂದೆ. ಟೀವಿ ಆಫಾಗಿತ್ತು. ವರ್ಷದ ಟೆನಿಸ್ ಮುಗಿದಿತ್ತಲ್ಲ. ಅಪ್ಪ ಕಿಟಕಿಯ ಹತ್ತಿರ ಕೂತು ನನ್ನ ಕೈಯ ಮಣ್ಣನ್ನು ನೋಡಿದ.

"ಎಷ್ಟಿತ್ತು?"

"ನಾಲ್ಕೂವರೆ ಇಂಚು."

"ನಾನು ನಾಲ್ಕು ಅನ್ಕೊಂಡಿದ್ದೆ," ಎಂದ.

ನಾನು ಅವನ ಎದುರು ನೆಲದ ಮೇಲೆ ಕೂತೆ. "ಆ ಉಡುಗೀದೂ ಎರಡು ಬಾಲು ಗೆರೆ ಮೇಲೆ ಬಿದ್ದಿತ್ತು ಅಲ್ವಾ? ನೀನು ಔಟ್ ಕೊಟ್ಟಿದ್ದೆ."

"ಎಲ್ಡಲ್ಲ, ಮೂರು," ಎಂದ ಅಪ್ಪ. "ಮೂರ್ನೇದಕ್ಕೆ ಅವ್ರಮ್ಮ ಏಳ್ಲಿಲ್ಲ, ನನ್ ಮಕಾನೇ ನೋಡ್ತಾ ಕುಂತಿದ್ಳು. ನೀನು ಚಪ್ಪಾಳೆ ತಟ್ಟಿದ್ದೆ."